ಕಂಡರೆ ಸೋತಂತೆ

ಹೆದರಿಸುವ ವಿಡಿಯೊ ಗೇಮ್‌ಗಳಲ್ಲಿ ಕೈಗೆ ಬಂದೂಕು ಕೊಡುವ ಜಾತಿ ಒಂದು, ಬರಿಗೈಯಲ್ಲಿ ಓಡಿಸುವ ಜಾತಿ ಇನ್ನೊಂದು. 2012ರ ‘ಸ್ಲೆಂಡರ್: ದಿ ಎಯ್ಟ್ ಪೇಜಸ್’ ಎರಡನೆಯ ಜಾತಿಯದು. ಆದರೆ ಅದರ ಕಿಲಾಡಿತನ ಒಂದು ಹೆಜ್ಜೆ ಮುಂದೆ. ಆಯುಧದ ಜೊತೆಗೆ ಕಣ್ತುಂಬ ನೋಡುವ ಹಕ್ಕನ್ನೂ ಅದು ಕಿತ್ತುಕೊಳ್ಳುತ್ತದೆ.

ಮಾರ್ಕ್ ಹ್ಯಾಡ್ಲಿ ಯೂನಿಟಿ ಎಂಜಿನ್‌ನಲ್ಲಿ ಕಟ್ಟಿ ಉಚಿತವಾಗಿ ಹಂಚಿದ ಪುಟ್ಟ ಆಟವಿದು. ರಾತ್ರಿ, ಬೇಲಿಯೊಳಗಿನ ಕಾಡು, ಕೈಯಲ್ಲೊಂದು ಟಾರ್ಚ್. ಅಲ್ಲಲ್ಲಿ ಅಂಟಿಸಿದ ಎಂಟು ಹಾಳೆಗಳನ್ನು ಹುಡುಕಿ ತೆಗೆಯಬೇಕು. ಸುರಂಗ, ಬೋಳು ಮರ, ಕೆಟ್ಟು ನಿಂತ ಲಾರಿ, ಟೈಲ್ಸ್ ಗೋಡೆಗಳ ಪಾಳು ಕಟ್ಟಡ ಹೀಗೆ ಗುರುತಿನ ಜಾಗಗಳು ಹತ್ತು. ಹಾಳೆ ಯಾವ ಎಂಟರಲ್ಲಿದೆ ಎಂಬುದು ಪ್ರತಿ ಸಲವೂ ಬದಲು.

ಬೆನ್ನು ಹತ್ತುವವನು ಸ್ಲೆಂಡರ್ ಮ್ಯಾನ್. ಕಪ್ಪು ಸೂಟು, ಅತಿ ಉದ್ದದ ಮೈ, ಕಣ್ಣು ಮೂಗಿಲ್ಲದ ಬಿಳಿ ಮುಖ. ಅಮೆರಿಕದ ಎರಿಕ್ ನುಡ್ಸನ್ 2009ರಲ್ಲಿ ಮಕ್ಕಳ ಫೋಟೊಗಳ ಹಿನ್ನೆಲೆಯಲ್ಲಿ ಸೇರಿಸಿ ಹರಿಯಬಿಟ್ಟ ಕಲ್ಪನೆ ಇವನು. ಅಜ್ಜಿ ಕಥೆಯ ಬೆಂಬಲವಿಲ್ಲದೆ ಹುಟ್ಟಿದ ಭೂತ.

ಇವನನ್ನು ನೋಡಿದಿರೋ, ಆ್ಯಂಟೆನಾ ತಿರುಗಿದ ಹಳೆಯ ಟಿವಿಯಂತೆ ಪರದೆ ಚುಕ್ಕೆ ಚುಕ್ಕೆಯಾಗಿ ಕರಕರ ಎನ್ನುತ್ತದೆ. ದಿಟ್ಟಿಸುತ್ತಲೇ ನಿಂತರೆ ಆಟ ಮುಗಿಯಿತು. ಹಾಗೆಂದು ಮುಖ ತಿರುಗಿಸಿದರೆ ಪಾರಾದಿರಿ ಎಂದಲ್ಲ. ಅವನು ಜಾಗ ಬದಲಿಸುವುದೇ ನಿಮ್ಮ ಕಣ್ಣು ತಪ್ಪಿಸಿ. ನಡೆಯುವುದು ಎಂದೂ ಕಾಣದು. ಬೇರೆ ಆಟಗಳಲ್ಲಿ ಶತ್ರು ಎಲ್ಲಿದ್ದಾನೆಂದು ತಿಳಿದರೆ ಅರ್ಧ ಗೆದ್ದಂತೆ. ಇಲ್ಲಿ ಆ ತಿಳಿವಳಿಕೆಗೇ ದಂಡ ತೆರಬೇಕು. ನೋಡಿದರೆ ಹೆದರಿಕೆ ಹೆಚ್ಚುವ ಉಪಾಯ 2010ರ ‘ಅಮ್ನೀಸಿಯಾ: ದಿ ಡಾರ್ಕ್ ಡಿಸೆಂಟ್’ನಲ್ಲೂ ಇತ್ತು; ಅಲ್ಲಿ ಅದು ಹಲವು ನಿಯಮಗಳಲ್ಲಿ ಒಂದು. ಹ್ಯಾಡ್ಲಿ ಅದೊಂದರ ಮೇಲೆಯೇ ಇಡೀ ಆಟ ನಿಲ್ಲಿಸಿದರು.

ಇದಕ್ಕೆ ಇನ್ನೊಂದು ಬಿಗಿ. ಮೊದಲ ಹಾಳೆ ಕಿತ್ತೊಡನೆ ದೂರದಲ್ಲಿ ಧಬ್ ಧಬ್ ಸದ್ದು ಶುರು. ಹಾಳೆ ಹೆಚ್ಚಿದಂತೆ ಸದ್ದಿಗೆ ಸದ್ದು ಸೇರುತ್ತದೆ, ಮಂಜು ದಟ್ಟವಾಗುತ್ತದೆ, ಅವನು ಹತ್ತಿರವಾಗುತ್ತಾನೆ. ಅಂದರೆ ಗೆಲುವಿನತ್ತ ಇಟ್ಟ ಪ್ರತಿ ಹೆಜ್ಜೆಯೂ ಅವನನ್ನೇ ಕರೆಯುತ್ತದೆ. ಐದನೆಯ ಹಾಳೆಯ ಮುಂದೆ ನಿಂತು ಕೈ ಹಿಂಜರಿಯುವುದು ಇದಕ್ಕೇ.

ಬಡತನವನ್ನು ಅಲಂಕಾರ ಮಾಡಿಕೊಂಡದ್ದೂ ಮೆಚ್ಚತಕ್ಕದ್ದು. ಹಗಲಿನಲ್ಲಿ ಇಟ್ಟು ನೋಡಿದರೆ ಈ ಕಾಡು ತೀರಾ ಸಾಧಾರಣ: ಒಂದೇ ಅಚ್ಚಿನ ಮರಗಳು, ಒರಟು ಗೋಡೆಗಳು. ಟಾರ್ಚಿನ ಸಣ್ಣ ಬೆಳಕಿನ ವೃತ್ತ ಇದನ್ನೆಲ್ಲ ಮುಚ್ಚಿಹಾಕುತ್ತದೆ, ಮಿಕ್ಕಿದ್ದನ್ನು ನಮ್ಮ ತಲೆಯೇ ತುಂಬಿಕೊಳ್ಳುತ್ತದೆ. ಮರುವರ್ಷ ಬ್ಲೂ ಐಲ್ ಸ್ಟುಡಿಯೋಸ್ ಜೊತೆ ಬಂದ ‘ಸ್ಲೆಂಡರ್: ದಿ ಅರೈವಲ್’ನಲ್ಲಿ ಚಿತ್ರ ಸೊಗಸಾಯಿತು, ಕಥೆಯೂ ಸೇರಿತು. ನನ್ನ ರುಚಿಗೆ ಭಯ ಮಾತ್ರ ತೆಳುವಾಯಿತು. ಕಾರಣ ಸಿಕ್ಕ ಭೂತದೊಡನೆ ವಾದಕ್ಕಿಳಿಯಬಹುದು, ಕಾರಣವಿಲ್ಲದ್ದರ ಮುಂದೆ ಓಟವೊಂದೇ ದಾರಿ.

ದೋಷವಿಲ್ಲವೆಂದಲ್ಲ. ಹತ್ತು ಜಾಗಗಳು ಬಾಯಿಪಾಠವಾದ ಮೇಲೆ ಕಾಡು ಬರೀ ನಕ್ಷೆಯಾಗಿ, ಆಟ ಸುತ್ತು ಹಾಕುವ ಕೆಲಸವಾಗಿಬಿಡುತ್ತದೆ. ಆದ್ದರಿಂದ ನಾಲ್ಕಾರು ಸಲ ಆಡಿ ಬಿಟ್ಟುಬಿಡುವುದು ಲೇಸು.

ಬೇರೆಯವರು ಆಡುತ್ತ ಕಿರುಚುವ ಯೂಟ್ಯೂಬ್ ವಿಡಿಯೊಗಳಿಂದಲೇ ಈ ಆಟ ಜಗತ್ತಿಗೆಲ್ಲ ಹಬ್ಬಿತು. ಅವುಗಳನ್ನು ನೋಡಿ ಆಟ ಗೊತ್ತೆನ್ನುವವರಿಗೆ ನನ್ನ ತಕರಾರಿದೆ. ತಿರುಗಿ ನೋಡಲೋ ಬೇಡವೋ ಎಂಬ ತೀರ್ಮಾನ ಅಲ್ಲಿ ಇನ್ನೊಬ್ಬರದು, ದಂಡವೂ ಅವರದೇ. ಇಯರ್‌ಫೋನ್ ಸಿಕ್ಕಿಸಿ, ದೀಪ ಆರಿಸಿ, ಮೌಸ್ ನೀವೇ ಹಿಡಿಯಿರಿ. ಟಾರ್ಚಿನ ಬ್ಯಾಟರಿಯೂ ಮುಗಿಯುವಂಥದ್ದು, ಆಗಾಗ ಆರಿಸಿಕೊಂಡು ನಡೆಯಿರಿ. ಹಳೆಯ ಲ್ಯಾಪ್‌ಟಾಪ್ ಸಾಕು, ಅರ್ಧ ಗಂಟೆ ಬಿಡುವು ಸಾಕು. ದೊಡ್ಡ ಬಜೆಟ್ಟಿನ ಎಷ್ಟೋ ಆಟಗಳು ಇಷ್ಟರಲ್ಲಿ ಪೀಠಿಕೆಯನ್ನೂ ಮುಗಿಸಿರುವುದಿಲ್ಲ.