ಓದಿಸುವ ಹೊಣೆ ಯಾರದು?

ಪ್ರೌಢಶಾಲೆಯ ವಿದ್ಯಾರ್ಥಿಗೆ ಓದು ಕಲಿಸುವ ಹೊಣೆ ಭಾಷಾ ಶಿಕ್ಷಕರೊಬ್ಬರದೇ ಎಂಬ ಭಾವನೆ ಬಲವಾಗಿ ಬೇರೂರಿದೆ. ಕಥೆ, ಕವನಗಳನ್ನು ಸವಿಯಬಲ್ಲ ಬಾಲಕನು ವಿಜ್ಞಾನದ ಒಂದು ಪುಟದ ಮುಂದೆ ತಡವರಿಸುವುದು ಇದರ ಫಲ. ವಿಷಯಪ್ರಧಾನ ಬರಹವು ಬೇರೊಂದು ಬಗೆಯ ಓದಿನ ಶಿಸ್ತನ್ನು ಬೇಡುತ್ತದೆ.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲು ಇದಕ್ಕೆ ತಕ್ಕ ನಿದರ್ಶನ. ಗಂಗರ ದೊರೆ ಶ್ರೀಪುರುಷನ ಆಳ್ವಿಕೆಯ, ಸುಮಾರು ಕ್ರಿ.ಶ. 750ರ ಆ ಕನ್ನಡ ಶಾಸನವು ಹೋರಾಡಿ ಮಡಿದ ಕಿತ್ತಯ್ಯನನ್ನು ಸ್ಮರಿಸುತ್ತದೆ. ಇರುವುದು ಕೆಲವೇ ಸಾಲು. ಆದರೂ ಅದು ಒಬ್ಬ ಶಿಕ್ಷಕರಿಂದ ತೀರುವ ಪಾಠವಲ್ಲ. ‘ಪೆರ್ಬೊಳಲ್ನಾಡು’ ಎಂಬಲ್ಲಿನ ಪಕಾರವು ಮುಂದೆ ಹಕಾರವಾದ ಬಗೆಯನ್ನು ಭಾಷಾ ಶಿಕ್ಷಕರು ತೋರಬೇಕು. ಅರಸನ ಹೆಸರು, ಲಿಪಿಗಳಿಂದ ಕಾಲವನ್ನು ನಿರ್ಣಯಿಸುವ ಕ್ರಮವನ್ನು ಇತಿಹಾಸದವರು ತಿಳಿಸಬೇಕು. ನಾಡಿನ ಹೆಸರಿಗೆ ಸೇರಿದ ಮೂವತ್ತೆಂಬ ಸಂಖ್ಯೆ ಏನನ್ನು ಎಣಿಸುತ್ತದೆಂದು ಗಣಿತದವರು ಕೇಳಬೇಕು. ಸವೆದ ಅಕ್ಷರಗಳು ಮೂರು ಆಯಾಮದ ಸ್ಕ್ಯಾನಿಂಗಿನಲ್ಲಿ ಸ್ಪಷ್ಟವಾಗುವುದನ್ನು ವಿಜ್ಞಾನದವರು ವಿವರಿಸಬೇಕು.

ವಿಜ್ಞಾನ, ಗಣಿತಗಳ ತರಗತಿಯೂ ಭಾಷೆಯ ತರಗತಿಯೇ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಾರಿತು. ಆದರೆ ಪಾಠವನ್ನು ಓದಿಸದೆ ಉತ್ತರಗಳನ್ನು ಬರೆಯಿಸುವ ರೂಢಿ ಅಳಿದಿಲ್ಲ. ಹೀಗೆ ಬೆಳೆದವನು ಅಂಕಗಳನ್ನು ಪಡೆದಾನು. ಪರರು ಹೇಳಿದ ಅರ್ಥವನ್ನು ಪರೀಕ್ಷಿಸಲಾರ.

ವಚನಗಳ ತಾಡೋಲೆಗಳನ್ನು ಅರಸಿ ಓದಿ ಪ್ರಕಟಿಸಿದ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಓದು ಒಂದು ವಿಷಯದ ಸ್ವತ್ತಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪ್ರತಿ ಶಿಕ್ಷಕರೂ ತಮ್ಮ ವಿಷಯದ ಒಂದು ಪುಟವನ್ನಾದರೂ ಮಕ್ಕಳೊಡನೆ ಕುಳಿತು ಓದುವಂತಾಗಲಿ.