ಹೊದಿಕೆಯೂ ಆಧಾರವೇ

ಓಲೆಗರಿಯ ಗ್ರಂಥವನ್ನು ಸಂಪಾದಿಸುವವರು ಗರಿಯ ಅಳತೆ, ಲಿಪಿ, ಸಮಾಪ್ತಿವಾಕ್ಯಗಳನ್ನು ಸೂಕ್ಷ್ಮವಾಗಿ ಪರಿಶೀಲಿಸುತ್ತಾರೆ. ಅಚ್ಚಾದ ಪುಸ್ತಕದ ವಿಷಯದಲ್ಲಿ ಈ ಎಚ್ಚರ ನಮ್ಮಲ್ಲಿ ಸಾಕಷ್ಟು ಬೆಳೆದಿಲ್ಲ.

ಜೂಲ್ಸ್ ವರ್ನನ ಕಾದಂಬರಿಗಳನ್ನು ಪ್ಯಾರಿಸಿನ ಪ್ರಕಾಶಕ ಹೆಟ್ಜೆಲನು ಚಿತ್ರಗಳಿಲ್ಲದ ಸಣ್ಣ ಆಕಾರದಲ್ಲಿಯೂ, ಹೊಸ ವರ್ಷದ ಕಾಣಿಕೆಗೆಂದು ಬಣ್ಣದ ಬಟ್ಟೆಯ ಮೇಲೆ ಚಿನ್ನದ ಅಚ್ಚೊತ್ತಿದ ದೊಡ್ಡ ಸಚಿತ್ರ ಸಂಪುಟಗಳಾಗಿಯೂ ಹೊರಡಿಸಿದನು. ಇವುಗಳ ಸಂಗ್ರಾಹಕರನ್ನು ಕೇವಲ ಅಲಂಕಾರಪ್ರಿಯರೆಂದು ಹಗುರಾಗಿ ಕಾಣುವುದುಂಟು. ಅದು ಸಲ್ಲದು. ಅನೇಕ ಪ್ರತಿಗಳ ಶೀರ್ಷಿಕೆಪುಟದಲ್ಲಿ ಇಸವಿಯೇ ಇಲ್ಲ. ಹೊದಿಕೆಯ ವಿನ್ಯಾಸ ಹಾಗೂ ಜೊತೆಗೆ ಕಟ್ಟಿದ ಪ್ರಕಟಣೆಗಳ ಪಟ್ಟಿಯಿಂದಲೇ ಅವುಗಳ ಕಾಲವನ್ನು ಊಹಿಸಬೇಕು. ಚಿತ್ರಗಳಿಗೂ ಇಂಥದೇ ಬೆಲೆಯಿದೆ. 1857ರ ದಂಗೆಯ ನಂತರದ ಭಾರತವನ್ನೂ ನಾನಾಸಾಹೇಬನನ್ನೂ ಕುರಿತ 1880ರ ‘ಉಗಿಯ ಮನೆ’ಯನ್ನು ಲಿಯೋ ಬೆನೆಟ್ಟನ ಚಿತ್ರಗಳಿಲ್ಲದೆ ಓದಿದರೆ, ಫ್ರೆಂಚ್ ಓದುಗರ ಕಣ್ಣಿಗೆ ನಮ್ಮ ದೇಶ ಹೇಗೆ ಕಂಡಿತೆಂಬುದು ಅರ್ಧದಷ್ಟೇ ತಿಳಿದೀತು.

ಈ ಮಾತು ಧಾರವಾಡಕ್ಕೂ ಅನ್ವಯಿಸುತ್ತದೆ. 1933ರಲ್ಲಿ ಇಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು 1961ರಲ್ಲಿ ‘ಯಯಾತಿ’ಯನ್ನು, 1965ರಲ್ಲಿ ‘ಸಂಸ್ಕಾರ’ವನ್ನು ಪ್ರಕಟಿಸಿತು. ಇಂಥ ಪುಸ್ತಕಗಳ ಮೊದಲ ಮುದ್ರಣ ಗ್ರಂಥಾಲಯಕ್ಕೆ ಬಂದು, ಹೊದಿಕೆ ಕಳಚಿ, ಒಂದೇ ಬಗೆಯ ರಟ್ಟಿನೊಳಗೆ ಸೇರಿದರೆ, ಆ ಕೃತಿಯು ತನ್ನ ಮೊದಲ ಓದುಗರೆದುರು ಯಾವ ರೂಪದಲ್ಲಿ ನಿಂತಿತೆಂಬ ಸಾಕ್ಷ್ಯವೇ ಅಳಿಯುತ್ತದೆ. ನಿತ್ಯದ ಬಳಕೆಗೆ ಗಟ್ಟಿರಟ್ಟು ಬೇಕೆಂಬುದು ನಿಜ. ಆದರೆ ಹಳೆಯ ಹೊದಿಕೆಯನ್ನು ಒಳಗೇ ಇರಿಸಿ ಕಟ್ಟಿಸುವುದು ಕಷ್ಟವಲ್ಲ. ಮರುಮುದ್ರಣದಿಂದ ಪಾಠವನ್ನು ಮತ್ತೆ ಪಡೆಯಬಹುದು. ಕಿತ್ತೆಸೆದ ಹೊದಿಕೆಯನ್ನು ಪಡೆಯಲಾಗದು.