ಕುಸ್ವಾರ್ ತಟ್ಟೆಯ ನಿಜವಾದ ರುಚಿ

ಕಾವ್ಯವನ್ನು ವಿಮರ್ಶಿಸುವಂತೆ ಒಂದು ತಟ್ಟೆ ಸಿಹಿತಿಂಡಿಯನ್ನೂ ವಿಮರ್ಶಿಸಬಹುದೇ? ಆಗಬಹುದೆಂದು ನನ್ನ ಎಣಿಕೆ. ಕ್ರಿಸ್ಮಸ್ ಸಮೀಪಿಸಿದಂತೆ ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಸಿದ್ಧವಾಗುವ ಕುಸ್ವಾರ್, ಒಂದು ಸಮುದಾಯವೇ ಕೈಯಾರೆ ರಚಿಸಿದ ಕೃತಿ. ಆದುದರಿಂದ ಅದರ ಗುಣದೋಷಗಳ ವಿವೇಚನೆ ಉಚಿತವೇ.

ಈ ಕೃತಿಯ ಮೊದಲ ಗುಣ ಸರಳತೆ. ಅಕ್ಕಿ, ಮೈದಾ, ತೆಂಗಿನಕಾಯಿ, ಬೆಲ್ಲ, ಸಕ್ಕರೆ, ಎಳ್ಳು – ಇವಿಷ್ಟೇ ಅದರ ಬಂಡವಾಳ. ಕುಚ್ಚಲಕ್ಕಿಯನ್ನು ಹುರಿದು ಪುಡಿಮಾಡಿ ಬೆಲ್ಲ, ಕಾಯಿತುರಿ ಬೆರೆಸಿದರೆ ಉಂಡೆ. ಚಿಟಿಕೆಯಷ್ಟು ಕಣಕವನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ‘ಕಿಡಿಯೊ’. ಹುಳುಗಳು ಎಂದೇ ಆ ಪದದ ಅರ್ಥ. ‘ನೆವ್ರಿ’ಯು ಕರ್ಜಿಕಾಯಿಯ ಒಡಹುಟ್ಟು, ಚಕ್ಕುಲಿಯಂತೂ ನೆರೆಮನೆಯ ಹಬ್ಬದಲ್ಲೂ ಉಂಟು. ಕುಸ್ವಾರ್ ಎಂಬ ಹೆಸರಿನ ಬೇರು, ಪೋರ್ಚುಗೀಸರ ಕ್ರಿಸ್ಮಸ್ ಮುನ್ನಾರಾತ್ರಿಯ ಊಟವಾದ ‘ಕೊನ್ಸುವಾದ’ದಲ್ಲಿದೆ ಎಂಬ ಅಭಿಪ್ರಾಯವಿದೆ. ಹೆಸರು ಎಲ್ಲಿಂದಲೇ ಬಂದಿರಲಿ, ಅಕ್ಕಿ ಬೆಲ್ಲಗಳು ಈ ನೆಲದವು.

ಎರಡನೆಯ ಗುಣ ತಾಳ್ಮೆ. ಪೇರಳೆ ಹಣ್ಣಿನ ತಿರುಳಿಗೆ ಸಕ್ಕರೆ ಸೇರಿಸಿ ‘ಪೆರಾದ್’ ಮಾಡುವಾಗ, ಪಾಕ ತಳ ಬಿಡುವವರೆಗೆ ಮಗುಚುತ್ತಲೇ ಇರಬೇಕು. ಒಬ್ಬರ ಕೈ ಸೋತಾಗ ಇನ್ನೊಬ್ಬರು ಸಟ್ಟುಗ ಹಿಡಿಯುತ್ತಾರೆ. ಆಗಮನ ಕಾಲದಲ್ಲಿ ಮಾಡಿಟ್ಟದ್ದನ್ನು ಹಬ್ಬದ ರಾತ್ರಿಯವರೆಗೆ ಮುಟ್ಟುವಂತಿಲ್ಲ. ಕಾಯುವುದೆಂದರೇನೆಂದು ಮಕ್ಕಳು ಕಲಿಯುವುದು ಮುಚ್ಚಿದ ಆ ಡಬ್ಬಿಯ ಮುಂದೆಯೇ. ನಮ್ಮ ಮನೆಯಲ್ಲಿ ಕಿಡಿಯೊ ಸುತ್ತುವುದು ಮಕ್ಕಳ ಪಾಲಿನ ಕೆಲಸವಾಗಿತ್ತು. ನಾನು ಸೊಟ್ಟಗೆ ಸುತ್ತಿದವುಗಳನ್ನು ಅಮ್ಮ ಎಂದೂ ಎಸೆಯಲಿಲ್ಲ. ಅವೂ ತಟ್ಟೆಯಲ್ಲಿ ಸ್ಥಾನ ಪಡೆಯುತ್ತಿದ್ದವು.

ಇನ್ನು ದೋಷಗಳು. ಇಂದು ಕುಸ್ವಾರ್ ಬೇಕರಿಗಳಲ್ಲಿ ಸಿದ್ಧವಾಗಿ ದೊರೆಯುತ್ತದೆ. ಕೊಂಡು ತರುವುದೇ ತಪ್ಪೆಂದು ನಾನು ಹೇಳಲಾರೆ. ದುಡಿದು ದಣಿದು ಬಂದ ತಾಯಿಯ ಮೇಲೆ ಈ ಹೊರೆಯನ್ನೂ ಹೊರಿಸಿ, ಅಜ್ಜಿಯ ಕಾಲವನ್ನು ಕೊಂಡಾಡುವುದು ನ್ಯಾಯವಲ್ಲ. ಹಾಗೆ ಕೊಂಡಾಡುವ ಗಂಡಸರು ನಾವೆಷ್ಟು ಮಂದಿ ಸಟ್ಟುಗ ಹಿಡಿದಿದ್ದೇವೆ?

ನಿಜವಾದ ದೋಷ ಬೇರೆ ಇದೆ; ಅದು ಲೆಕ್ಕಾಚಾರ. ಕಳೆದ ವರ್ಷ ಅವರು ಕಳುಹಿಸಿದ್ದರೇ? ಎಷ್ಟು ಬಗೆ ಇದ್ದವು? ಹೀಗೆ ಎಣಿಸತೊಡಗಿದಾಗ ಪ್ರೀತಿಯ ತಟ್ಟೆ ಸಾಲದ ಪತ್ರವಾಗುತ್ತದೆ.

ಸಾವು ಸಂಭವಿಸಿದ ಮನೆಯಲ್ಲಿ ಆ ವರ್ಷ ಕುಸ್ವಾರ್ ಮಾಡದಿರುವುದು ಅನೇಕ ಕುಟುಂಬಗಳ ಸಂಪ್ರದಾಯ. ಅಂಥ ಮನೆಗೆ ನೆರೆಯವರ ತಟ್ಟೆ ಹೋಗಬೇಕು. ಹಲವು ವರ್ಷಗಳ ಹಿಂದೆ, ಹಬ್ಬದ ಮರುದಿನ, ಪತಿಯನ್ನು ಕಳೆದುಕೊಂಡ ಒಬ್ಬ ತಾಯಿಯ ಮನೆಗೆ ಹೋಗಿದ್ದೆ. “ಕೊಡಲು ಏನೂ ಇಲ್ಲ, ಫಾದರ್; ಈ ಸಲ ಯಾರೂ ಕಳುಹಿಸಲಿಲ್ಲ” ಎಂದರು. ಹಿಂದಿರುಗಿಸಲಾರದ ಮನೆಯನ್ನು ಎಲ್ಲರೂ ಮರೆತಿದ್ದರು. ಗುರುನಿವಾಸದಲ್ಲಿ ನನ್ನ ಮೇಜಿನ ಮೇಲೆ ಡಬ್ಬಿಗಳ ರಾಶಿಯೇ ಇತ್ತು. ನಾನೂ ಬರಿಗೈಯಲ್ಲೇ ಹೋಗಿದ್ದೆ.

ಔತಣ ನೀಡುವವನು ಮರಳಿ ಕೊಡಲಾರದವರನ್ನು ಕರೆಯಬೇಕೆಂದು ಯೇಸುಸ್ವಾಮಿ ಬೋಧಿಸಿದ್ದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಕುಸ್ವಾರ್‌ಗೂ ಅದೇ ಒರೆಗಲ್ಲು. ಎಷ್ಟು ಕೈಗಳು ಸೇರಿ ಮಾಡಿದವು, ಯಾವ ಬಾಗಿಲಿಗೆ ಅದು ಮುಟ್ಟಿತು – ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸೊಟ್ಟಗಿನ ಕಿಡಿಯೊ ಕೂಡ ಸಿಹಿಯೇ. ಈ ಬಾರಿ ತಟ್ಟೆ ಜೋಡಿಸುವಾಗ, ಪ್ರಿಯ ಓದುಗರೇ, ಮೊದಲು ಆ ಮನೆಯನ್ನು ನೆನೆಯಿರಿ.